ಕಾಳಿ ಅಳಿವೆಯ ಊರು ಕಾರವಾರ: ನೋಡಬರುವವರು ಪದೇ ಪದೇ ಕೇಳುವ ಪ್ರಶ್ನೆಗಳು

ಗೋವಾ ಮತ್ತು ಗೋಕರ್ಣಗಳ ನಡುವೆ ಊಟಕ್ಕೆ ನಿಲ್ಲುವ ಊರು ಎಂದಷ್ಟೇ ಕಾರವಾರವನ್ನು ಬಲ್ಲವರು ಬಹಳ ಮಂದಿ. ಇಲ್ಲಿಗೆ ಬರುವ ನೆಂಟರು, ಸ್ನೇಹಿತರು ಮತ್ತು ಪ್ರವಾಸಿಗರು ನಮ್ಮನ್ನು ಮತ್ತೆ ಮತ್ತೆ ಕೇಳುವ ಪ್ರಶ್ನೆಗಳಿಗೆ, ಈ ಊರಿನಲ್ಲೇ ಬಾಳುವವರು ಕೊಡುವ ಉತ್ತರಗಳನ್ನು ಇಲ್ಲಿ ಬರೆದಿಟ್ಟಿದೆ.

ಕಾರವಾರವನ್ನು ನೋಡಲು ಎಷ್ಟು ದಿನ ಬೇಕು? ದಾರಿಯಲ್ಲಿ ಒಂದು ಗಂಟೆ ನಿಂತರೆ ಸಾಲದೇ?

ಒಂದು ಗಂಟೆಯಲ್ಲಿ ಹೆದ್ದಾರಿಯ ಪಕ್ಕದ ಕಡಲತೀರವನ್ನೂ ಅದರ ಮೇಲೆ ನಿಲ್ಲಿಸಿರುವ ಯುದ್ಧನೌಕೆಯನ್ನೂ ನೋಡಬಹುದು, ಅಷ್ಟೇ. ಊರನ್ನು ನೋಡಬೇಕೆಂದರೆ ಕನಿಷ್ಠ ಎರಡು ರಾತ್ರಿ ಉಳಿಯಬೇಕು. ಕಾರವಾರದ ಕಥೆಯೆಲ್ಲ ಹುಟ್ಟಿರುವುದು ಕಾಳಿ ನದಿ ಸಮುದ್ರ ಸೇರುವ ಅಳಿವೆಯಲ್ಲಿ. ಕೋಟೆ ಎದ್ದದ್ದು, ಇಂಗ್ಲಿಷರು ಮೆಣಸಿಗಾಗಿ ಬಂದದ್ದು, ಬಂಗಾಳದ ತರುಣ ಕವಿಯೊಬ್ಬ ಬೆಳದಿಂಗಳಲ್ಲಿ ದೋಣಿ ಹತ್ತಿದ್ದು, ಇಂದಿಗೂ ನಸುಕಿನಲ್ಲಿ ಬಲೆ ಎಳೆಯುವುದು, ಎಲ್ಲವೂ ಆ ಅಳಿವೆಯ ಕಾರಣದಿಂದ. ಆದ್ದರಿಂದ ಮೊದಲ ಸಂಜೆಯನ್ನು ಅಳಿವೆಯ ಈಚೆ ದಂಡೆಯ ಕೋಡಿಬಾಗದ ಕಡೆಯಲ್ಲೋ ಆಚೆ ದಂಡೆಯ ಸದಾಶಿವಗಡದ ಗುಡ್ಡದ ಮೇಲೋ ಕಳೆಯಿರಿ ಎಂಬುದು ನಮ್ಮ ಸಲಹೆ. ನದಿ, ಕಡಲು, ದ್ವೀಪಗಳು ಒಂದಕ್ಕೊಂದು ಹೇಗೆ ಹೊಂದಿಕೊಂಡಿವೆ ಎಂಬುದು ಅಲ್ಲಿಂದ ಕಣ್ಣಿಗೆ ಬಿದ್ದ ಮೇಲೆ ಉಳಿದದ್ದೆಲ್ಲ ತಾನಾಗಿ ಅರ್ಥವಾಗುತ್ತದೆ.

ಯಾವ ತಿಂಗಳಲ್ಲಿ ಬರುವುದು ಒಳ್ಳೆಯದು?

ಅಕ್ಟೋಬರ್ ಕೊನೆಯಿಂದ ಫೆಬ್ರುವರಿಯವರೆಗೆ ಹವೆ ಹಿತವಾಗಿರುತ್ತದೆ. ಮಾರ್ಚ್ ಕಳೆದ ಮೇಲೆ ಸೆಕೆ ಏರುತ್ತದೆ. ಏಪ್ರಿಲ್ ಮತ್ತು ಮೇ ತಿಂಗಳಲ್ಲಿ ಬರುವವರು ಬೆಳಿಗ್ಗೆ ಒಂಬತ್ತರೊಳಗೆ ಮತ್ತು ಸಂಜೆ ಐದರ ಮೇಲೆ ಮಾತ್ರ ತಿರುಗಾಡುವ ಲೆಕ್ಕ ಇಟ್ಟುಕೊಳ್ಳಬೇಕು. ಆದರೆ ಅದೇ ಮೇ ತಿಂಗಳಲ್ಲಿ ಅಂಕೋಲೆಯ ಕರಿ ಇಶಾಡ ಮಾವಿನಹಣ್ಣು ಪೇಟೆಗೆ ಬರುತ್ತದೆ ಎಂಬುದನ್ನು ಮರೆಯಬಾರದು.

ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮಳೆಗಾಲವನ್ನು ಪ್ರೀತಿಸುವವರೂ ಇದ್ದಾರೆ, ನಾವೂ ಅವರಲ್ಲಿ ಸೇರಿದವರೇ. ಆದರೆ ಆ ದಿನಗಳಲ್ಲಿ ದೋಣಿಗಳು ಹೊರಡುವುದಿಲ್ಲ, ಕಡಲಿಗೆ ಇಳಿಯುವಂತಿಲ್ಲ, ಮತ್ತು ರಸ್ತೆಯ ಮೇಲೆ ನಿಗಾ ಇರಬೇಕು. 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿಯ ಮೇಲಿದ್ದವರು ಜೀವ ಕಳೆದುಕೊಂಡದ್ದನ್ನು ಈ ಜಿಲ್ಲೆ ಮರೆತಿಲ್ಲ. ಜಿಲ್ಲಾಡಳಿತವು ಕೆಂಪು ಎಚ್ಚರಿಕೆ ಕೊಟ್ಟ ದಿನ ಘಟ್ಟದ ದಾರಿಯಲ್ಲಿ ಪ್ರಯಾಣ ಬೇಡ, ಮತ್ತು ಕಡಿದ ಗುಡ್ಡದ ಬುಡದಲ್ಲಿ ಚಹಾಕ್ಕೆಂದು ವಾಹನ ನಿಲ್ಲಿಸುವುದು ಎಂದಿಗೂ ಬೇಡ.

ತಲುಪುವುದು ಹೇಗೆ?

ಬೆಂಗಳೂರಿನಿಂದ ರಾತ್ರಿ ಹೊರಟು ಬೆಳಿಗ್ಗೆ ಮುಟ್ಟಿಸುವ ಪಂಚಗಂಗಾ ಎಕ್ಸ್‌ಪ್ರೆಸ್ ಕಾರವಾರದಲ್ಲೇ ಕೊನೆಗೊಳ್ಳುತ್ತದೆ. ಮುಂಬೈ ಕಡೆಯಿಂದ ಬರುವವರಿಗೆ ಮತ್ಸ್ಯಗಂಧಾ ಮೊದಲಾದ ಕೊಂಕಣ ರೈಲ್ವೆಯ ಗಾಡಿಗಳಿವೆ. ನಿಲ್ದಾಣ ಊರೊಳಗೆ ಇಲ್ಲ; ಕೆಲವು ಕಿಲೋಮೀಟರ್ ಒಳಗೆ ಶಿರವಾಡದಲ್ಲಿದೆ, ಅಲ್ಲಿಂದ ಆಟೋ ಅಥವಾ ಬಸ್ಸು ಹಿಡಿಯಬೇಕು. ಹುಬ್ಬಳ್ಳಿಯಿಂದ ಯಲ್ಲಾಪುರ, ಅರಬೈಲ್ ಘಟ್ಟ, ಅಂಕೋಲೆಯ ಮೇಲೆ ಬರುವ ರಸ್ತೆ ಸುಮಾರು 165 ಕಿಲೋಮೀಟರ್. ಗೋವಾದ ಮಡಗಾಂವಿಗೂ ಕಾರವಾರಕ್ಕೂ ನಡುವೆ ದಿನವಿಡೀ ಬಸ್ಸುಗಳು ಓಡಾಡುತ್ತವೆ. ಹುಬ್ಬಳ್ಳಿಯಿಂದ ಅಂಕೋಲೆಗೆ ನೇರ ರೈಲು ಬರಲಿ ಎಂಬ ಜಿಲ್ಲೆಯ ಜನರ ಬೇಡಿಕೆ ಮಾತ್ರ ಇನ್ನೂ ಈಡೇರಿಲ್ಲ.

ಕಾಳಿ ಸೇತುವೆ ಕುಸಿದಿದೆಯಲ್ಲ, ಗೋವಾ ಕಡೆಯಿಂದ ಬರಬಹುದೇ?

ಬರಬಹುದು. 2024ರ ಆಗಸ್ಟ್ 7ರ ನಡುರಾತ್ರಿ ಕುಸಿದದ್ದು ನಾಲ್ಕು ದಶಕ ಹಳೆಯ ಸೇತುವೆ. ಅದರ ಜೊತೆಗೆ ನದಿಗೆ ಬಿದ್ದ ಲಾರಿಯ ಚಾಲಕನನ್ನು ಜೀವಂತವಾಗಿ ಮೇಲೆತ್ತಲಾಯಿತು. ಹೆದ್ದಾರಿ ಅಗಲೀಕರಣಕ್ಕಾಗಿ ಪಕ್ಕದಲ್ಲೇ ಕಟ್ಟಿದ್ದ ಹೊಸ ಸೇತುವೆ ಉಳಿದಿದ್ದು, ಎರಡೂ ದಿಕ್ಕಿನ ವಾಹನಗಳು ಅದರ ಮೇಲೆ ಸಾಗತೊಡಗಿದವು. ಸೇತುವೆಯ ಮೇಲೆ ವಾಹನ ನಿಲ್ಲಿಸಿ ಚಿತ್ರ ತೆಗೆಯಬೇಡಿ. ಅದಕ್ಕಿಂತ ಒಳ್ಳೆಯ ನೋಟ ಸದಾಶಿವಗಡದ ಮೇಲಿದೆ.

ಊರಿನ ಇತಿಹಾಸ ಎಷ್ಟು ಹಳೆಯದು?

ಇಂದಿನ ಪೇಟೆ ಹತ್ತೊಂಬತ್ತನೆಯ ಶತಮಾನದ್ದು, ಆದರೆ ಬಂದರು ಅದಕ್ಕಿಂತ ಬಹಳ ಹಳೆಯದು. ಆಗಿನ ವ್ಯಾಪಾರದ ನೆಲೆ ಕಾಳಿಯ ದಂಡೆಯ ಮೇಲೆ, ಒಳಗಿನ ಕಡವಾಡದಲ್ಲಿತ್ತು. ಹಡಗುಗಳು ಬೈತಖೋಲದ ಮರೆಯಲ್ಲಿ ಲಂಗರು ಹಾಕುತ್ತಿದ್ದವು. 1638ರಲ್ಲಿ ಇಂಗ್ಲಿಷ್ ವ್ಯಾಪಾರಿ ಕೋರ್ಟೀನನ ಸಂಘ ಇಲ್ಲಿ ಕೋಠಿ, ಅಂದರೆ ವ್ಯಾಪಾರದ ಮಳಿಗೆ, ತೆರೆಯಿತು. ಅವರನ್ನು ಎಳೆದು ತಂದದ್ದು ಎರಡು ಸರಕುಗಳು: ಘಟ್ಟದ ಕಾಳುಮೆಣಸು ಮತ್ತು ಹುಬ್ಬಳ್ಳಿಯ ಸುತ್ತಣ ನೇಕಾರರು ನೇಯುತ್ತಿದ್ದ ನವುರಾದ ಹತ್ತಿ ಬಟ್ಟೆ. 1665ರಲ್ಲಿ ಬಸ್ರೂರಿನ ದಾಳಿ ಮುಗಿಸಿ ಮರಳುತ್ತಿದ್ದ ಶಿವಾಜಿ ಮಹಾರಾಜರು ಇಲ್ಲಿಗೆ ಬಂದಾಗ ಊರಿನ ವರ್ತಕರು ಇಂಗ್ಲಿಷರೊಡನೆ ಸೇರಿ ಹಣ ಒಪ್ಪಿಸಿ ಊರನ್ನು ಉಳಿಸಿಕೊಂಡರು. ಮುಂದೆ ಶಿರಸಿಯ ಬಳಿಯ ಸೋದೆಯ ಅರಸರು, ಪೋರ್ಚುಗೀಸರು, ಹೈದರ್ ಅಲಿ, ಕೊನೆಗೆ ಇಂಗ್ಲಿಷರು ಈ ಅಳಿವೆಗಾಗಿ ಒಬ್ಬರ ಮೇಲೊಬ್ಬರು ಬಂದರು.

1862ರಲ್ಲಿ ಉತ್ತರ ಕನ್ನಡವು ಮದ್ರಾಸ್ ಪ್ರಾಂತದಿಂದ ಮುಂಬೈ ಪ್ರಾಂತಕ್ಕೆ ಸೇರಿದ ಮೇಲೆ ಕಾರವಾರ ಜಿಲ್ಲಾ ಕೇಂದ್ರವಾಗಿ ಬೆಳೆಯಿತು. ಅಮೆರಿಕದಲ್ಲಿ ಅಂತರ್ಯುದ್ಧ ನಡೆದು ಇಂಗ್ಲೆಂಡಿನ ಗಿರಣಿಗಳಿಗೆ ಹತ್ತಿ ಸಿಗದಾದ ಆ ಕಾಲದಲ್ಲಿ ಧಾರವಾಡದ ಹತ್ತಿ ಈ ಬಂದರಿನಿಂದ ಹೊರಡಬೇಕೆಂದು ದೊಡ್ಡ ಯೋಜನೆಗಳು ನಡೆದವು. ಆದರೆ 1880ರ ದಶಕದಲ್ಲಿ ರೈಲು ಗೋವಾದ ಮಾರ್ಮಗೋವೆಗೆ ಇಳಿಯಿತು, ವ್ಯಾಪಾರವೂ ಅದರ ಹಿಂದೆಯೇ ಹೋಯಿತು. ಕಾರವಾರವು ಕಚೇರಿ, ನ್ಯಾಯಾಲಯ, ಶಾಲೆ ಮತ್ತು ಮೀನುಗಾರಿಕೆಯ ಶಾಂತ ಊರಾಗಿ ಉಳಿಯಿತು. ಇಲ್ಲಿನ ಬೀದಿಗಳ ನೆಮ್ಮದಿಗೆ ಆ ಸೋಲೇ ಕಾರಣವೆಂದು ನಾವು ತಿಳಿಯುತ್ತೇವೆ.

ಕಡಲತೀರಕ್ಕೆ ರವೀಂದ್ರನಾಥ ಟಾಗೋರರ ಹೆಸರು ಏಕೆ?

ರವೀಂದ್ರನಾಥರ ಅಣ್ಣ ಸತ್ಯೇಂದ್ರನಾಥ ಟಾಗೋರರು ಬ್ರಿಟಿಷರ ಕಾಲದ ನಾಗರಿಕ ಸೇವೆಯಾದ ಐಸಿಎಸ್ ಸೇರಿದ ಮೊದಲ ಭಾರತೀಯರು, ಮತ್ತು ಅವರು ಇಲ್ಲಿ ಜಿಲ್ಲಾ ನ್ಯಾಯಾಧೀಶರಾಗಿದ್ದರು. 1883ರಲ್ಲಿ ಇಪ್ಪತ್ತೆರಡರ ಹರೆಯದ ರವೀಂದ್ರನಾಥರು ಅಣ್ಣನ ಮನೆಗೆ ಬಂದು ತಂಗಿದರು. ‘ಪ್ರಕೃತಿರ್ ಪ್ರತಿಶೋಧ’ ಎಂಬ ನಾಟಕವನ್ನು ಬರೆದದ್ದು ಇಲ್ಲಿಯೇ. ಸನ್ಯಾಸಿಯೊಬ್ಬ ಲೋಕದ ಬಂಧನವನ್ನೆಲ್ಲ ಕಳಚಿಕೊಂಡೆನೆಂದು ನಂಬಿದ್ದಾಗ ಒಬ್ಬ ಅನಾಥ ಹುಡುಗಿಯ ಮಮತೆ ಅವನನ್ನು ಮತ್ತೆ ಮನುಷ್ಯರ ನಡುವೆ ಎಳೆದು ತರುವ ಕಥೆ ಅದು.

ಬಹಳ ವರ್ಷಗಳ ಅನಂತರ ತಮ್ಮ ನೆನಪುಗಳನ್ನು ಬರೆಯುವಾಗ ಅವರು ಕಾರವಾರಕ್ಕೆ ಸಾಕಷ್ಟು ಜಾಗ ಕೊಟ್ಟಿದ್ದಾರೆ. ಗುಡ್ಡಗಳು ಸುತ್ತುವರಿದ ಬಂದರು, ಅರ್ಧಚಂದ್ರದಂತೆ ಬಾಗಿದ ಮರಳ ದಂಡೆ, ಅದರ ಅಂಚಿನ ಗಾಳಿಮರಗಳ ತೋಪು, ಒಂದು ಕೊನೆಯಲ್ಲಿ ಕಾಳಿ ನದಿ. ಒಂದು ಬೆಳದಿಂಗಳ ಹೊತ್ತು ಅವರೆಲ್ಲ ಚಿಕ್ಕ ದೋಣಿಯಲ್ಲಿ ಕಾಳಿಯನ್ನು ಏರಿ, ಹಳೆಯ ಗುಡ್ಡಗೋಟೆಯೊಂದರ ಬಳಿ ಇಳಿದು, ಗುಡಿಸಿ ಚೊಕ್ಕಟ ಮಾಡಿದ್ದ ರೈತನ ಮನೆಯಂಗಳದಲ್ಲಿ ಕುಳಿತು ಉಂಡು, ಹೊಳೆಯ ಸೆಳವಿಗೆ ದೋಣಿಯನ್ನು ಬಿಟ್ಟು ಮರಳಿ ಬಂದರು. ಅಳಿವೆಯ ಬಳಿ ಇಳಿದು ಮರಳಿನ ಮೇಲೆ ಮನೆಗೆ ನಡೆದರು. ತೀರದಲ್ಲಿ ಅವರ ಹೆಸರಿನ ಫಲಕದ ಮುಂದೆ ನಿಂತು ಚಿತ್ರ ತೆಗೆಸಿಕೊಂಡು ಹೋಗುವವರಿಗೆ ನಾವು ಹೇಳುವುದಿಷ್ಟೇ: ಅವರು ನಡೆದ ಹಾಗೆಯೇ ಒಮ್ಮೆ ಕೋಡಿಬಾಗದ ಕಡೆಯಿಂದ ಊರಿನ ಕಡೆಗೆ ಮರಳಿನ ಮೇಲೆ ನಡೆದು ನೋಡಿ. ದಂಡೆ ಆಗಿನಷ್ಟು ಅಗಲವಾಗಿ ಉಳಿದಿಲ್ಲ, ಆದರೆ ಗುಡ್ಡ, ದ್ವೀಪ, ನದಿ ಇದ್ದಲ್ಲೇ ಇವೆ.

ತೀರದ ಮೇಲಿನ ಯುದ್ಧನೌಕೆ 1971ರ ಯುದ್ಧದಲ್ಲಿ ಹೋರಾಡಿತ್ತೇ?

ಹಾಗೆಂದು ಹಲವರು ಬರೆದಿದ್ದಾರೆ, ಆದರೆ ಅದು ಸರಿಯಲ್ಲ. ಇಲ್ಲಿರುವ ಐಎನ್ಎಸ್ ಚಪಲ ಎಂಬ ಕ್ಷಿಪಣಿ ದೋಣಿ ನೌಕಾಪಡೆಗೆ ಸೇರಿದ್ದು 1976ರಲ್ಲಿ, ನಿವೃತ್ತವಾದದ್ದು 2005ರಲ್ಲಿ. 1971ರ ಡಿಸೆಂಬರ್ 4ರ ರಾತ್ರಿ ಕರಾಚಿಯ ಮೇಲೆ ದಾಳಿ ನಡೆಸಿದ್ದು ಇದಕ್ಕಿಂತ ಮೊದಲಿನ ತಂಡದ ನಿಪಾತ್, ನಿರ್ಘಾತ್ ಮತ್ತು ವೀರ್. ಚಪಲವು ಅವುಗಳ ಕುಲಕ್ಕೇ ಸೇರಿದ, ಸೋವಿಯತ್ ಒಕ್ಕೂಟದಲ್ಲಿ ಕಟ್ಟಿದ ದೋಣಿಯಾದ್ದರಿಂದ, ಅಂಥ ಚಿಕ್ಕ ಹಡಗಿನಲ್ಲಿ ನಾವಿಕರು ಎಷ್ಟು ಇಕ್ಕಟ್ಟಿನಲ್ಲಿ ಬದುಕಿ ಕಾದಿದರು ಎಂಬುದನ್ನು ತಿಳಿಯಲು ಒಳಗೆ ಹೋಗಿ ನೋಡುವುದು ಸಾರ್ಥಕ. ಪಕ್ಕದಲ್ಲೇ ಟುಪೊಲೆವ್ 142 ವಿಮಾನವಿದೆ. ಮೂರು ದಶಕ ಕಡಲ ಮೇಲೆ ಕಣ್ಗಾವಲು ನಡೆಸಿ 2017ರಲ್ಲಿ ನಿವೃತ್ತವಾದ ಈ ಬಗೆಯ ವಿಮಾನಗಳಲ್ಲಿ ಒಂದನ್ನು ಬಿಡಿಬಿಡಿಯಾಗಿ ಕಳಚಿ ತಂದು ಇಲ್ಲಿ ಜೋಡಿಸಿದ್ದಾರೆ. ಸಮಯವನ್ನು ಅಲ್ಲೇ ವಿಚಾರಿಸಿಕೊಳ್ಳುವುದು ಮೇಲು, ಮಳೆಗಾಲದಲ್ಲಿ ಬದಲಾಗುತ್ತದೆ.

ಸದಾಶಿವಗಡದಲ್ಲಿ ಕೋಟೆ ಉಳಿದಿದೆಯೇ?

ದೊಡ್ಡ ಬುರುಜು, ಬಾಗಿಲುಗಳನ್ನು ನಿರೀಕ್ಷಿಸಿ ಹೋದರೆ ನಿರಾಸೆಯಾಗುತ್ತದೆ. ಹದಿನೆಂಟನೆಯ ಶತಮಾನದ ಆರಂಭದಲ್ಲಿ ಸೋದೆಯ ಅರಸ ಬಸವಲಿಂಗನು ಕಾಳಿಯ ಉತ್ತರ ದಂಡೆಯ ಗುಡ್ಡದ ಮೇಲೆ ಕಟ್ಟಿಸಿ, ತನ್ನ ತಂದೆಯ ಹೆಸರಿಟ್ಟ ಕೋಟೆ ಇದು. ಮುಂದೆ ಪೋರ್ಚುಗೀಸರ ಕೈಗೂ ಹೋಗಿ ಬಂದಿತು. ಈಗ ಅಲ್ಲಲ್ಲಿ ಗೋಡೆಯ ತುಂಡುಗಳಿವೆ, ದುರ್ಗಾದೇವಿಯ ಗುಡಿಯಿದೆ, ಗುಡ್ಡದ ಬಳಿ ಸೂಫಿ ಸಂತರೊಬ್ಬರ ದರ್ಗಾ ಇದೆ. ಎರಡಕ್ಕೂ ನಡೆದುಕೊಳ್ಳುವ ಭಕ್ತರು ಊರಿನಲ್ಲಿದ್ದಾರೆ. ಹೆದ್ದಾರಿಗಾಗಿ ಗುಡ್ಡವನ್ನು ನಡುವೆ ಕಡಿದಿರುವುದು ನೋಡಿದಾಗಲೆಲ್ಲ ನೋವಾಗುತ್ತದೆ. ಆದರೂ ಸೂರ್ಯಾಸ್ತಕ್ಕೆ ಅರ್ಧ ಗಂಟೆ ಮೊದಲು ಮೇಲೇರಿದರೆ ಅಳಿವೆ, ದೇವಬಾಗದ ಮರಳು ನಾಲಿಗೆ, ಕೂರ್ಮಗಡ ಮತ್ತು ದೇವಗಡ ದ್ವೀಪಗಳು, ಬೈತಖೋಲದ ಬಂದರು ಇವೆಲ್ಲ ಒಂದೇ ನೋಟಕ್ಕೆ ಸಿಗುತ್ತವೆ. ಈ ಅಳಿವೆಯನ್ನು ಹಿಡಿದವನು ಕಾರವಾರವನ್ನು ಹಿಡಿದ ಹಾಗೆ ಎಂದು ಅರಸರು ಏಕೆ ಬಗೆದರು ಎಂಬುದು ಅಲ್ಲಿ ನಿಂತವರಿಗೆ ಬೇರೆ ಯಾರೂ ಹೇಳಬೇಕಾಗಿಲ್ಲ.

ದ್ವೀಪಗಳಿಗೆ ಹೋಗಬಹುದೇ?

ಕೂರ್ಮಗಡಕ್ಕೆ, ಕಡಲು ಶಾಂತವಾಗಿರುವ ತಿಂಗಳುಗಳಲ್ಲಿ, ದೋಣಿ ಗೊತ್ತು ಮಾಡಿಕೊಂಡು ಹೋಗಬಹುದು. ದಾರಿಯಲ್ಲಿ ಡಾಲ್ಫಿನ್‌ಗಳು ಕಾಣುವ ಸಂಭವ ಬೆಳಗಿನ ಹೊತ್ತು ಹೆಚ್ಚು. ದೇವಗಡದ ಮೇಲೆ 1864ರಿಂದ ದೀಪಸ್ತಂಭವಿದೆ. ದಂಡೆಯಿಂದಲೇ ರಾತ್ರಿ ಅದರ ಬೆಳಕು ಕಾಣುತ್ತದೆ. ಅಂಜದೀವಕ್ಕೆ ಹೋಗುವಂತಿಲ್ಲ. 1498ರಲ್ಲಿ ವಾಸ್ಕೋ ಡ ಗಾಮ ತಂಗಿದ, 1505ರಲ್ಲಿ ಪೋರ್ಚುಗೀಸರು ಕೋಟೆ ಕಟ್ಟಲು ತೊಡಗಿದ, 1961ರ ಡಿಸೆಂಬರ್‌ನಲ್ಲಿ ಗೋವಾ ವಿಮೋಚನೆಯ ಹೊತ್ತಿಗೆ ನಮ್ಮ ಏಳು ನಾವಿಕರು ಪ್ರಾಣ ಕೊಟ್ಟ ಆ ದ್ವೀಪ ಗೋವಾಕ್ಕೆ ಸೇರಿದ್ದು, ಈಗ ನೌಕಾನೆಲೆಯ ಭಾಗವಾಗಿದೆ.

ಯಾವ ದೋಣಿಯೇ ಆಗಲಿ, ಜೀವರಕ್ಷಕ ಜಾಕೆಟ್ ಕೊಡದಿದ್ದರೆ ಹತ್ತಬೇಡಿ, ಕೊಟ್ಟದ್ದನ್ನು ಕಾಲ ಕೆಳಗಿಟ್ಟು ಕೂರಬೇಡಿ. 2019ರ ಜನವರಿ 21ರಂದು ಕೂರ್ಮಗಡದ ಜಾತ್ರೆಯಿಂದ ಮರಳುತ್ತಿದ್ದ ದೋಣಿ ಮಗುಚಿ 16 ಜನ ತೀರಿಕೊಂಡರು. ತುಂಬಿದ ದೋಣಿಯನ್ನು ಬಿಟ್ಟು ಮುಂದಿನದಕ್ಕೆ ಕಾಯುವುದರಲ್ಲಿ ಕಳೆದುಕೊಳ್ಳುವುದು ಏನೂ ಇಲ್ಲ.

ಯಾವ ಜಾತ್ರೆಗೆ ಬಂದರೆ ಚೆನ್ನ?

ಪುಷ್ಯ ಮಾಸದ ಹುಣ್ಣಿಮೆಯ ದಿನ ಕೂರ್ಮಗಡದ ನರಸಿಂಹ ದೇವರ ಜಾತ್ರೆ. ಮೀನುಗಾರರು ತಮ್ಮ ದೋಣಿಗಳನ್ನು ಸಿಂಗರಿಸಿ, ದೇವರಿಗೆ ಬಾಳೆಗೊನೆ ಒಪ್ಪಿಸಲು ಹೊರಡುತ್ತಾರೆ. ಇನ್ನೊಂದು ಹಣಕೋಣದ ಸಾತೇರಿ ದೇವಿಯದು: ಆ ಗುಡಿಯ ಬಾಗಿಲು ಭಾದ್ರಪದದಲ್ಲಿ, ಗಣೇಶ ಚವತಿಯ ಆಸುಪಾಸಿನಲ್ಲಿ, ವರ್ಷಕ್ಕೆ ಏಳು ದಿನ ಮಾತ್ರ ತೆರೆಯುತ್ತದೆ, ಆಗ ದರ್ಶನಕ್ಕೆ ಗೋವಾ, ಮಹಾರಾಷ್ಟ್ರಗಳಿಂದಲೂ ಜನ ಬರುತ್ತಾರೆ. ಗೋಕರ್ಣದ ಆತ್ಮಲಿಂಗದ ಕಥೆಯೊಡನೆ ಬೆಸೆದುಕೊಂಡ ಐದು ಕ್ಷೇತ್ರಗಳಲ್ಲಿ ಒಂದಾದ ಶೆಜ್ಜೇಶ್ವರ ಇರುವುದೂ ಕಾರವಾರದಲ್ಲೇ. ಶಿವರಾತ್ರಿಗೆ ಬಂದವರು ಅಲ್ಲಿಗೆ ಹೋಗದೆ ಮರಳಬಾರದು.

ಸಮುದ್ರದಲ್ಲಿ ಈಜಬಹುದೇ?

ಮಳೆಗಾಲ ಬಿಟ್ಟು ಉಳಿದ ದಿನಗಳಲ್ಲಿ, ಟಾಗೋರ್ ತೀರದ ನಡುಭಾಗದಲ್ಲಿ, ಜೀವರಕ್ಷಕ ಸಿಬ್ಬಂದಿಯ ಕಣ್ಣಳತೆಯಲ್ಲಿ ಇಳಿಯಬಹುದು. ಅಳಿವೆಯ ಬಾಯಿಯಲ್ಲಿ ಯಾವ ಕಾಲದಲ್ಲೂ ಇಳಿಯಬಾರದು. ಇಳಿತದ ಹೊತ್ತಿನಲ್ಲಿ ನದಿಯ ನೀರೂ ಕಡಲ ಸೆಳವೂ ಒಟ್ಟಾಗಿ ಹೊರಗೆ ಎಳೆಯುತ್ತವೆ, ಮರಳ ದಿಬ್ಬಗಳು ಜಾಗ ಬದಲಿಸುತ್ತಿರುತ್ತವೆ, ಮೇಲೆ ನೋಡಿದರೆ ಮಾತ್ರ ನೀರು ಕೆರೆಯ ಹಾಗೆ ಸುಮ್ಮನಿರುತ್ತದೆ.

ಕಪ್ಪು ಮರಳಿನ ತೀರ ಎಲ್ಲಿದೆ?

ಮಾಜಾಳಿಯ ಆಚೆ, ಗೋವಾ ಗಡಿಯ ಹತ್ತಿರ. ತಿಳಮಾತಿ ಎಂದು ಕರೆಯುವ ಈ ಪುಟ್ಟ ತೀರದ ಮರಳು ದಪ್ಪ, ಕಪ್ಪು. ಸುತ್ತಲಿನ ಕಪ್ಪು ಬಂಡೆಗಳನ್ನು ಅಲೆಗಳು ಅರೆದು ಮಾಡಿದ್ದು. ವಾಹನ ಅಲ್ಲಿಯವರೆಗೆ ಹೋಗುವುದಿಲ್ಲ, ಗುಡ್ಡ ಹತ್ತಿ ಇಳಿಯಬೇಕು. ಅಂಗಡಿಗಳಿಲ್ಲ, ನೀರು ಒಯ್ಯಿರಿ, ಖಾಲಿ ಬಾಟಲಿ ಮರಳಿ ತನ್ನಿ. ಆ ಮರಳನ್ನು ಚೀಲದಲ್ಲಿ ತುಂಬಿಕೊಂಡು ಹೋಗುವ ಅಭ್ಯಾಸ ಕೆಲವರಿಗಿದೆ, ದಯವಿಟ್ಟು ಬೇಡ.

ಮೀನೂಟ ಎಲ್ಲಿ, ಏನು ಕೇಳಬೇಕು?

ಹೊಟೇಲಿನ ಹೆಸರು ಹೇಳುವುದಕ್ಕಿಂತ ಋತು ಹೇಳುವುದು ಹೆಚ್ಚು ಉಪಕಾರಿ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ನಿಷೇಧವಿರುತ್ತದೆ, ಮೀನು ಮರಿಯಿಡುವ ಕಾಲವದು. ಆ ಎರಡು ತಿಂಗಳು ತಟ್ಟೆಗೆ ಬರುವ ದೊಡ್ಡ ಮೀನು ಬಹುಮಟ್ಟಿಗೆ ಮಂಜುಗಡ್ಡೆಯದು. ಆಗ ನದಿಯ ಮೀನು, ಒಣಮೀನು ಕೇಳುವುದೇ ಜಾಣತನ. ಆಗಸ್ಟ್ ಮುಗಿಯುತ್ತಿದ್ದಂತೆ ಬಂಗಡೆ, ತಾರ್ಲೆ (ಬೂತಾಯಿ), ಶೆಟ್ಲಿ (ಸಿಗಡಿ) ಬರತೊಡಗುತ್ತವೆ. ಇಸ್ವಣ ಮತ್ತು ಪಾಪ್ಲೆಟ್ ಹೆಸರು ಎಲ್ಲರಿಗೂ ಗೊತ್ತು, ಬೆಲೆಯೂ ಹಾಗೆಯೇ ಇರುತ್ತದೆ. ನಮ್ಮ ಮಾತು ಕೇಳುವುದಾದರೆ ಮಧ್ಯಾಹ್ನ ಚಿಕ್ಕ ಖಾನಾವಳಿಯಲ್ಲಿ ಕುಚ್ಚಲಕ್ಕಿ ಅನ್ನ, ತೆಂಗಿನಕಾಯಿ ಅರೆದ ಬಂಗಡೆಯ ಸಾರು, ರವೆ ಹಚ್ಚಿ ಹುರಿದ ನೊಗಲಿ (ಕಾಣೆ ಮೀನು), ಕಾಳಿಯ ಅಳಿವೆಯಿಂದ ಆರಿಸಿ ತಂದ ತಿಸ್ರೆ ಎಂಬ ಚಿಪ್ಪುಮೀನಿನ ಸುಕ್ಕೆ, ಕೊನೆಗೆ ತೆಂಗಿನ ಹಾಲಿಗೆ ಮುರುಗಲು (ಕೋಕಂ) ಹುಳಿ ಬೆರೆಸಿದ ಸೋಲಕಡಿ ಉಣ್ಣಿ. ಆ ತಿಸ್ರೆಗಳನ್ನು ಹೆಂಗಸರು ಇಳಿತದ ಹೊತ್ತಿನಲ್ಲಿ ಮೊಣಕಾಲು ನೀರಿನಲ್ಲಿ ಬಗ್ಗಿ ನಿಂತು ಆರಿಸುತ್ತಾರೆ. ಮಾರುಕಟ್ಟೆಯಲ್ಲಿ ಅವರೊಡನೆ ಐದು ಹತ್ತು ರೂಪಾಯಿಗೆ ವಾದಿಸುವ ಮೊದಲು ಅದನ್ನು ನೆನೆಯಬೇಕು.

ಸಸ್ಯಾಹಾರಿಗಳಿಗೆ ತೊಂದರೆಯಿಲ್ಲ. ಬನ್ಸ್, ಅವಲಕ್ಕಿ, ಗಂಜಿ ಊಟ ಸಿಗುವ ಉಡುಪಿ ಮಾದರಿಯ ಹೊಟೇಲುಗಳು ಪೇಟೆಯಲ್ಲಿವೆ.

ಬೆಳಿಗ್ಗೆ ತೀರದಲ್ಲಿ ಬಲೆ ಎಳೆಯುವವರ ಬಳಿ ಹೋಗಬಹುದೇ?

ಧಾರಾಳವಾಗಿ ಹೋಗಬಹುದು, ಹಗ್ಗ ಹಿಡಿದು ಎಳೆದರೂ ಯಾರೂ ಬೇಡವೆನ್ನುವುದಿಲ್ಲ. ಅದು ರಂಪಣಿ ಬಲೆ. ದೋಣಿಯಲ್ಲಿ ಬಲೆಯನ್ನು ಕಡಲಿನೊಳಗೆ ಕಮಾನಿನಂತೆ ಬಿಟ್ಟು, ಎರಡು ತುದಿಗಳನ್ನು ದಂಡೆಯ ಮೇಲಿಂದ ಹತ್ತಾರು ಜನ ಎಳೆಯುತ್ತಾರೆ, ಸಿಕ್ಕ ಮೀನಿನಲ್ಲಿ ಎಲ್ಲರಿಗೂ ಪಾಲು. ಟ್ರಾಲರ್‌ಗಳು ಬಂದ ಮೇಲೆ ರಂಪಣಿ ಬಹಳ ಕುಗ್ಗಿದೆ. ಅರಗಾ, ಬಿಣಗಾ ಕಡೆಯ ದಂಡೆಗಳು ನೌಕಾನೆಲೆಗೆ ಹೋದ ಮೇಲೆ ಊರಿನ ಮೀನುಗಾರರಿಗೆ ಬಲೆ ಎಳೆಯಲು ಉಳಿದ ಮುಖ್ಯ ಜಾಗ ಟಾಗೋರ್ ತೀರವೇ. 2020ರ ಜನವರಿಯಲ್ಲಿ ವಾಣಿಜ್ಯ ಬಂದರಿನ ವಿಸ್ತರಣೆಯ ಕೆಲಸ ಈ ತೀರದ ಮೇಲೆ ಶುರುವಾದಾಗ ಅವರು ಬೀದಿಗಿಳಿದದ್ದು, ಊರಿನವರು ಜೊತೆಗೆ ನಿಂತದ್ದು ಅದಕ್ಕಾಗಿಯೇ. ಬಲೆಯ ಮೇಲೆ ಚಪ್ಪಲಿ ಕಾಲಿಡಬೇಡಿ, ಹಾಸಿದ ಬಲೆಯ ಮೇಲೆ ವಾಹನ ಓಡಿಸಬೇಡಿ, ಮುಖದ ಚಿತ್ರ ಬೇಕಿದ್ದರೆ ಕೇಳಿ ತೆಗೆಯಿರಿ.

ಜನವರಿಯಿಂದ ಮಾರ್ಚ್‌ವರೆಗೆ ಕಡಲಾಮೆಗಳು ಈ ದಂಡೆಗಳಿಗೆ ಬಂದು ಮೊಟ್ಟೆಯಿಡುತ್ತವೆ. ಅರಣ್ಯ ಇಲಾಖೆ ಬಲೆ ಕಟ್ಟಿ ಕಾಪಾಡಿದ ಗೂಡುಗಳ ಹತ್ತಿರ ರಾತ್ರಿ ದೀಪ ಹಿಡಿದು ಹೋಗಬೇಡಿ.

ನೌಕಾನೆಲೆಯನ್ನು ನೋಡಲು ಬಿಡುತ್ತಾರೆಯೇ?

ಇಲ್ಲ. ಐಎನ್ಎಸ್ ಕದಂಬ 2005ರಲ್ಲಿ ಕಾರ್ಯಾರಂಭ ಮಾಡಿದ ದೊಡ್ಡ ನೆಲೆ. ಹೆದ್ದಾರಿಯಿಂದ ಅದರ ಕಡೆಗೆ ಕ್ಯಾಮೆರಾ ಹಿಡಿಯುವುದೂ, ಡ್ರೋನ್ ಹಾರಿಸುವುದೂ ನಿಷಿದ್ಧ. ಈ ನೆಲೆಗಾಗಿ ಹಲವು ಹಳ್ಳಿಗಳ ಜನ ಮನೆ, ಗದ್ದೆ, ದೇವರ ಬನಗಳನ್ನು ಬಿಟ್ಟು ತೋಡೂರು, ಮುದಗಾ ಮುಂತಾದ ಕಡೆಯ ಪುನರ್ವಸತಿ ಬಡಾವಣೆಗಳಿಗೆ ಹೋದರು. ಬೇಲಿಯಾಚೆಗೆ ಸುಮ್ಮನೆ ಹಸಿರಾಗಿ ಕಾಣುವ ಜಾಗಗಳು ಒಂದು ಕಾಲದಲ್ಲಿ ಊರುಗಳಾಗಿದ್ದವು.

ನೇತ್ರಾಣಿಗೆ ಇಲ್ಲಿಂದ ಹೋಗಬಹುದೇ?

ಅದು ಮುರ್ಡೇಶ್ವರದ ಎದುರಿನ ದ್ವೀಪ. ಸ್ಕೂಬಾ ಡೈವಿಂಗ್‌ಗೆ ಅಲ್ಲಿಗೇ ಹೋಗಬೇಕು.

ಯಾವ ಭಾಷೆ ಮಾತಾಡುತ್ತಾರೆ?

ಮನೆಯಲ್ಲಿ, ಮೀನು ಪೇಟೆಯಲ್ಲಿ ಹೆಚ್ಚಾಗಿ ಕೊಂಕಣಿ, ಕಚೇರಿ, ಶಾಲೆಗಳಲ್ಲಿ ಕನ್ನಡ. ಮರಾಠಿ, ಹಿಂದಿ ಬಲ್ಲವರೂ ಬಹಳ. ಕನ್ನಡದಲ್ಲಿ ಕೇಳಿದರೆ ಕನ್ನಡದಲ್ಲೇ ಉತ್ತರ ಬರುತ್ತದೆ. ಮೀನು ಮಾರುವ ಹಿರಿಯ ಹೆಂಗಸನ್ನು ಬಾಯಿ ಎಂದೋ ಅಕ್ಕ ಎಂದೋ ಕರೆದು ಮಾತು ಶುರುಮಾಡಿದರೆ ಆಯಿತು.

ಸುತ್ತಮುತ್ತ ಇನ್ನೇನು ನೋಡಬಹುದು?

ಕಾಳಿಯ ದಂಡೆಯ ಕಾಂಡ್ಲಾ (ಮ್ಯಾಂಗ್ರೋವ್) ಕಾಡಿನೊಳಗೆ ಅರಣ್ಯ ಇಲಾಖೆ ನಡೆದಾಡಲು ಹಾದಿ ಕಟ್ಟಿದೆ, ನೀರು ಏರುವ ಭರತದ ಹೊತ್ತಿಗೆ ಹೋಗಿ. ಚೆಂಡಿಯಾದ ನಾಗರಮಡಿ ಜಲಪಾತ ಮಳೆ ಕಡಿಮೆಯಾದ ಮೇಲೆ ಚೆನ್ನ. ನಡೆಯಬಲ್ಲವರಿಗೆ ಗುಡ್ಡೆಹಳ್ಳಿಯ ಶಿಖರವಿದೆ. ಕದ್ರಾ, ಅಣಶಿಯ ಮೇಲೆ ಜೋಯಿಡಾ, ದಾಂಡೇಲಿಗೆ ಏರುವ ರಸ್ತೆ ಕಾಳಿ ಹುಲಿ ಸಂರಕ್ಷಿತ ಪ್ರದೇಶದ ನಡುವೆ ಹಾಯುತ್ತದೆ, ಹಗಲಿನಲ್ಲೇ ದಾಟಿಬಿಡಬೇಕು. ದಕ್ಷಿಣಕ್ಕೆ 35 ಕಿಲೋಮೀಟರ್ ದೂರದ ಅಂಕೋಲೆ 1930ರ ಉಪ್ಪಿನ ಸತ್ಯಾಗ್ರಹದ ನೆಲ. ಅದನ್ನು ಗೋಕರ್ಣಕ್ಕೆ ಹೋಗುವ ದಾರಿಯ ಇನ್ನೊಂದು ನಿಲ್ದಾಣವೆಂದು ದಾಟಿಹೋಗುವುದು ಸರಿಯಲ್ಲ.

ಮನೆಗೆ ಏನು ಕೊಂಡೊಯ್ಯಬಹುದು?

ಭಾನುವಾರದ ಸಂತೆಗೆ ಬೆಳಿಗ್ಗೆಯೇ ಹೋಗಿ. ಅಂಕೋಲಾ ಕಡೆಯ ಹಾಲಕ್ಕಿ ಒಕ್ಕಲು ಸಮುದಾಯದ ಹೆಂಗಸರು ತಾವೇ ಬೆಳೆದ ಸೊಪ್ಪು, ಗೆಣಸು, ಬದನೆ ತಂದಿರುತ್ತಾರೆ. ಒಣಗಿದ ಮುರುಗಲು ಸಿಪ್ಪೆ, ಕುಮಟೆಯ ಸಿಹಿ ಈರುಳ್ಳಿಯ ಜಡೆ, ಗೇರುಬೀಜ, ಒಣ ಶೆಟ್ಲಿ ಕೆಡದೆ ಊರು ಮುಟ್ಟುತ್ತವೆ. ಒಣಮೀನನ್ನು ಎರಡು ಪದರ ಕಾಗದ, ಮೇಲೊಂದು ಮುಚ್ಚಳವಿರುವ ಡಬ್ಬಿಯಲ್ಲಿ ಕಟ್ಟಿಸಿಕೊಳ್ಳಿ, ಬಸ್ಸಿನಲ್ಲಿ ಪಕ್ಕದವರಿಗೆ ತೊಂದರೆಯಾಗುವುದಿಲ್ಲ. ಮುರುಗಲು ಸಿಪ್ಪೆ ಕೊಳ್ಳುವಾಗ ಬೆರಳಲ್ಲಿ ಒತ್ತಿ ನೋಡಿ. ಮೆತ್ತಗೆ ಬಾಗಿದರೆ ಹೊಸತು, ಚೂರಾದರೆ ಹಿಂದಿನ ವರ್ಷದ್ದು.